ಬಿರುಗಾಳಿಯ ಖರ್ಚು, ತೆರೆಯ ಆದಾಯ

ಕಡಲಿನ ಅಲೆಗೆ ನೊಗ ಹೂಡಿ ಕೆಲಸ ತೆಗೆಯುವ ಯೋಚನೆ ಬ್ಯಾಟರಿಗಿಂತ ಹಳೆಯದು. 1799ರಲ್ಲಿ ಪ್ಯಾರಿಸಿನಲ್ಲಿ ಝಿರಾರ್ ಎಂಬ ತಂದೆ-ಮಗ ಇದಕ್ಕೊಂದು ಪೇಟೆಂಟು ಪಡೆದರು. ಅಲೆಯ ಮೇಲೆ ಏರಿಳಿಯುವ ಭಾರಿ ತೇಲುಕಾಯಕ್ಕೆ ಉದ್ದನೆಯ ಸನ್ನೆಕೋಲು ಕಟ್ಟಿ, ಅದರ ಇನ್ನೊಂದು ತುದಿಯಿಂದ ದಡದ ಗರಗಸ, ಗಿರಣಿ, ಪಂಪುಗಳನ್ನು ಓಡಿಸುವುದು ಅವರ ಆಲೋಚನೆ. ವೋಲ್ಟಾ ತನ್ನ ಬ್ಯಾಟರಿಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು ಅದರ ಮರುವರ್ಷ. ಸಿಲಿಕಾನ್ ಸೌರಕೋಶ ಹುಟ್ಟಿದ್ದಂತೂ 1954ರಲ್ಲಿ, ಒಂದೂವರೆ ಶತಮಾನ ತಡವಾಗಿ. ಹಾಗೆ ತಡವಾಗಿ ಹುಟ್ಟಿದ ಕೂಸು ಭಾರತವೊಂದರಲ್ಲೇ 2025ರ ಆರಂಭದ ಹೊತ್ತಿಗೆ 100 ಗಿಗಾವ್ಯಾಟ್ ದಾಟಿತು. ಅಲೆಯಿಂದ ಹುಟ್ಟುವ ವಿದ್ಯುತ್ತನ್ನು ಜಗತ್ತಿನ ಎಲ್ಲ ಕಡೆಯಿಂದ ಗುಡ್ಡೆಹಾಕಿದರೂ ಪಾವಗಡದ ಸೋಲಾರ್ ಪಾರ್ಕಿನ ಒಂದು ಮೂಲೆಗೆ ಸಮನಾಗುವುದು ಕಷ್ಟ. ಹಿರಿಯಣ್ಣ ಹೀಗೇಕೆ ಹಿಂದುಳಿದ ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ: ಸರ್ಕಾರಗಳು ಹಣ ಕೊಡಲಿಲ್ಲ, ಅಥವಾ ತಂತ್ರಜ್ಞಾನ ಇನ್ನೂ ಮಾಗಿಲ್ಲ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಅಸಲು ಕಾರಣ ಇನ್ನೂ ಸರಳವಾದದ್ದು, ಮನೆಯ ಜಮಾಖರ್ಚಿನ ಪುಸ್ತಕ ಬರೆದವರಿಗೆಲ್ಲ ಅರ್ಥವಾಗುವಂಥದ್ದು: ಅಲೆಯ ಯಂತ್ರ ಸಂಪಾದಿಸುವುದು ಸಾಧಾರಣ ದಿನಗಳಲ್ಲಿ, ಅದನ್ನು ಕಟ್ಟಬೇಕಾದದ್ದು ಮಾತ್ರ ಹಲವು ದಶಕಗಳಿಗೊಮ್ಮೆ ಬರುವ ಒಂದು ಬಿರುಗಾಳಿಗಾಗಿ.

ಈ ಲೆಕ್ಕವನ್ನು ಬಿಡಿಸಿ ನೋಡಬೇಕು. ಬಿಸಿಲು ಗಾಳಿಯಾಗುತ್ತದೆ, ಗಾಳಿ ನೀರಿನ ಮೇಲೆ ನೂರಾರು ಮೈಲಿ ಉಜ್ಜಿ ಅಲೆಯಾಗುತ್ತದೆ. ಚದರ ಮೀಟರಿಗೆ ಇಷ್ಟಿಷ್ಟೇ ಬೀಳುವ ಬಿಸಿಲಿಗೆ ಹೋಲಿಸಿದರೆ ಅಲೆ ಬಹಳ ಗಟ್ಟಿಯಾದ ಸರಕು. ಆಳದ ನೀರಿನಲ್ಲಿ ಅಲೆಯ ಮುಂಚೂಣಿಯ ಪ್ರತಿ ಮೀಟರಿನಲ್ಲಿ ಸಾಗುವ ಶಕ್ತಿಯನ್ನು ಅಂದಾಜು ಮಾಡಲು ಎಂಜಿನಿಯರುಗಳು ಒಂದು ಸುಲಭ ಸೂತ್ರ ಇಟ್ಟುಕೊಂಡಿದ್ದಾರೆ: ಎತ್ತರವನ್ನು ಅದರಿಂದಲೇ ಗುಣಿಸಿ, ಅದನ್ನು ಎರಡು ಅಲೆಗಳ ನಡುವಿನ ಸೆಕೆಂಡುಗಳಿಂದ ಗುಣಿಸಿ, ಅರ್ಧ ಮಾಡಿದರೆ ಕಿಲೋವ್ಯಾಟು ಸಿಗುತ್ತದೆ. ಎರಡು ಮೀಟರ್ ಎತ್ತರದ, ಎಂಟು ಸೆಕೆಂಡಿಗೊಮ್ಮೆ ಬರುವ ಅಲೆಗಳಿರುವ ಕಡಲೆಂದರೆ ಮೀಟರಿಗೆ 16 ಕಿಲೋವ್ಯಾಟ್. ಸ್ಕಾಟ್ಲೆಂಡಿನ ಪಡುವಣ ಕಡಲಲ್ಲಿ ವರ್ಷದ ಸರಾಸರಿಯೇ ಇದರ ಮೂರು-ನಾಲ್ಕು ಪಟ್ಟು. ಇಡೀ ಭೂಮಿಯ ಕರಾವಳಿಗಳಿಗೆ ಬಂದು ಬೀಳುವ ಅಲೆಗಳ ಒಟ್ಟು ಶಕ್ತಿ ವರ್ಷಕ್ಕೆ ಸುಮಾರು 30,000 ಟೆರಾವ್ಯಾಟ್-ಗಂಟೆ ಎಂದು ಲೆಕ್ಕ ಹಾಕಿದ್ದಾರೆ. ಮನುಷ್ಯಕುಲ ವರ್ಷವೊಂದಕ್ಕೆ ಉತ್ಪಾದಿಸುವ ವಿದ್ಯುತ್ತೂ ಹೆಚ್ಚುಕಡಿಮೆ ಅಷ್ಟೇ. ಅಲೆವಿದ್ಯುತ್ತಿನ ಬಗ್ಗೆ ಬರೆಯುವವರೆಲ್ಲ ಈ ಹೋಲಿಕೆಯಿಂದಲೇ ಶುರುಮಾಡುತ್ತಾರೆ. ಓದುಗರನ್ನು ದಾರಿ ತಪ್ಪಿಸುವುದೂ ಇದೇ ಹೋಲಿಕೆ. ಕಡಲಲ್ಲಿ ಎಷ್ಟಿದೆ ಎಂಬುದು ಪ್ರಶ್ನೆಯೇ ಅಲ್ಲ.

ಪ್ರಶ್ನೆ ಇರುವುದು ಆ ಸೂತ್ರದ ಒಳಗೆ. ಎತ್ತರ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅಟ್ಲಾಂಟಿಕಿನ ಚಳಿಗಾಲದ ಬಿರುಗಾಳಿಯಲ್ಲಿ ಹತ್ತು ಮೀಟರಿನ ಅಲೆಗಳು ಹದಿನಾಲ್ಕು ಸೆಕೆಂಡಿಗೊಮ್ಮೆ ಬಂದರೆ ಅದೇ ಒಂದು ಮೀಟರಿನಲ್ಲಿ 700 ಕಿಲೋವ್ಯಾಟಿನಷ್ಟು ಅಬ್ಬರ. ಹದಿನಾರು ಕಿಲೋವ್ಯಾಟಿನ ಕಡಲಲ್ಲಿ ಬಾಡಿಗೆ ಗಳಿಸುವ ಯಂತ್ರ ಅದರ ನಲವತ್ತು ಪಟ್ಟಿನ ಹೊಡೆತ ತಿಂದೂ ಮರುದಿನ ಕೆಲಸಕ್ಕೆ ಹಾಜರಾಗಬೇಕು. ಆ ರಾತ್ರಿಯ ಶಕ್ತಿಯನ್ನು ಮಾರಲಿಕ್ಕೂ ಆಗುವುದಿಲ್ಲ, ಜನರೇಟರು ಅಷ್ಟು ದೊಡ್ಡದಿರುವುದಿಲ್ಲ. ಹೀಗಾಗಿ ಉಕ್ಕು, ಕಾಂಕ್ರೀಟು, ಲಂಗರು, ಸರಪಳಿ ಎಲ್ಲದರ ಖರ್ಚು ಬಿರುಗಾಳಿಯ ಅಳತೆಯದು, ಆದಾಯ ಮಾತ್ರ ದಿನನಿತ್ಯದ ತೆರೆಯ ಅಳತೆಯದು. ಗಾಳಿಯಂತ್ರಕ್ಕೂ ಬಿರುಗಾಳಿ ಇದೆಯಲ್ಲ ಎನ್ನಬಹುದು. ಇದೆ; ಆದರೆ ಅದು ಮುಖ ತಿರುಗಿಸಿಕೊಳ್ಳಬಲ್ಲದು. ಗಾಳಿ ಸೆಕೆಂಡಿಗೆ 25 ಮೀಟರ್ ಮುಟ್ಟುತ್ತಿದ್ದಂತೆ ರೆಕ್ಕೆಗಳು ಅಂಚು ತಿರುವಿಕೊಂಡು ಸುಮ್ಮನಾಗುತ್ತವೆ. ಗಾಳಿಗಿಂತ ಎಂಟುನೂರು ಪಟ್ಟು ಭಾರದ ನೀರಿನಲ್ಲಿ, ಅದೂ ಅಲೆ ಅತಿ ಜೋರಾಗಿರುವ ಮೇಲ್ಮೈಯಲ್ಲೇ ಕೂತ ಯಂತ್ರಕ್ಕೆ ಓಡಿಹೋಗಲು ಜಾಗವಿಲ್ಲ. ಅಲೆಯ ಶಕ್ತಿಯ ನೂರಕ್ಕೆ ತೊಂಬತ್ತೈದರಷ್ಟು ಅಲೆಯುದ್ದದ ಕಾಲುಭಾಗದ ಆಳದೊಳಗೇ ಇರುತ್ತದೆ. ಮೇಲಿದ್ದರೆ ಮುರಿಯುತ್ತದೆ, ಕೆಳಗಿಳಿದರೆ ಗಳಿಕೆ ಇಲ್ಲ.

ಈ ಕ್ಷೇತ್ರದ ಚರಿತ್ರೆಯನ್ನು ಓದುವಾಗ ಈ ಒಂದು ಲೆಕ್ಕವನ್ನು ಕೈಯಲ್ಲಿ ಹಿಡಿದಿರಬೇಕು. ಮೊದಲ ನಿಜವಾದ ಯಶಸ್ಸು ಜಪಾನಿನದು. ನೌಕಾಪಡೆಯಲ್ಲಿದ್ದ ಯೋಶಿಯೋ ಮಸುದಾ ಎರಡನೇ ಮಹಾಯುದ್ಧದ ನಂತರ ಹಡಗುಗಳಿಗೆ ದಾರಿ ತೋರುವ ತೇಲುದೀಪಗಳಿಗೆ ಅಲೆಯಿಂದಲೇ ವಿದ್ಯುತ್ ಕೊಡಿಸಿದರು. ದೀಪದ ಅಡಿಯಲ್ಲೊಂದು ಟೊಳ್ಳು ಕೊಳವೆ. ಒಳಗೆ ನೀರು ಏರಿಳಿದಂತೆ ಮೇಲಿನ ಗಾಳಿ ತಿದಿಯಂತೆ ಒತ್ತಿಕೊಂಡು ಸಣ್ಣ ಟರ್ಬೈನನ್ನು ತಿರುಗಿಸುತ್ತದೆ. 1960ರ ದಶಕದಲ್ಲಿ ಅದು ಮಾರುಕಟ್ಟೆಗೂ ಬಂತು. ಯಾಕೆ ಗೆದ್ದಿತು? ಕಡಲ ನಡುವೆ ಬ್ಯಾಟರಿ ಬದಲಿಸಲು ದೋಣಿ ಕಳಿಸುವ ಖರ್ಚಿನ ಮುಂದೆ ಅದು ಅಗ್ಗವಾಗಿತ್ತು. ಮತ್ತು ಬಿರುಗಾಳಿಗೆ ತಾಳಿಕೊಳ್ಳಬೇಕಾದ ತೇಲುದೀಪ ಹೇಗೂ ಅಲ್ಲಿ ಇತ್ತು. ಈ ಎರಡು ಕಾರಣಗಳನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತವೆ.

1973ರ ತೈಲ ಬಿಕ್ಕಟ್ಟು ಬಂದಾಗ ಈ ವಿವೇಕ ಕೈಬಿಟ್ಟುಹೋಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ 1974ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಮ್ಮ 'ಬಾತುಕೋಳಿ'ಯನ್ನು ಪ್ರಕಟಿಸಿದರು. ಒಂದು ಬೆನ್ನೆಲುಬಿನ ಸುತ್ತ ತಲೆಯಾಡಿಸುವ ಈ ತೇಲುಕಾಯದ ಆಕಾರ ಎಷ್ಟು ಚೊಕ್ಕವಾಗಿತ್ತೆಂದರೆ, ಪ್ರಯೋಗಶಾಲೆಯ ತೊಟ್ಟಿಯಲ್ಲಿ ಎದುರಿನಿಂದ ಬಂದ ಅಲೆಯ ಬಹುಪಾಲನ್ನು ಹೀರಿ ಹಿಂಬದಿಯ ನೀರನ್ನು ಕೆರೆಯಂತೆ ನಿಲ್ಲಿಸಿಬಿಡುತ್ತಿತ್ತು. ಬ್ರಿಟಿಷ್ ಸರ್ಕಾರ ಕಾರ್ಯಕ್ರಮವೊಂದನ್ನು ಶುರುಮಾಡಿ ಸಂಶೋಧಕರ ಮುಂದೆ ಇಟ್ಟ ಗುರಿ 2,000 ಮೆಗಾವ್ಯಾಟಿನ ಸ್ಥಾವರ. ಅಲ್ಲಿಯವರೆಗೆ ಒಂದು ತೇಲುದೀಪ ಉರಿಸಿದ ತಂತ್ರ ಒಂದೇ ನೆಗೆತಕ್ಕೆ ದೇಶ ಬೆಳಗಬೇಕು! 1982ರಲ್ಲಿ, ಯೂನಿಟ್ಟಿಗೆ ಬೀಳುವ ಖರ್ಚು ಜಾಸ್ತಿ ಎಂದು ಕಾರ್ಯಕ್ರಮಕ್ಕೆ ಬಾಗಿಲು ಹಾಕಲಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಕಚೇರಿ ಇದ್ದದ್ದು ಹಾರ್ವೆಲ್‌ನ ಪರಮಾಣು ಸಂಶೋಧನಾ ಕೇಂದ್ರದ ಆವರಣದಲ್ಲೇ; ಪರಮಾಣು ಪಕ್ಷದವರು ಅಲೆಯ ಕತ್ತು ಹಿಸುಕಿದರು ಎಂಬ ದೂರು ಹುಟ್ಟಿದ್ದು ಸಹಜ. ತಮ್ಮ ಯಂತ್ರದ ಖರ್ಚನ್ನು ಕಾರ್ಯಕ್ರಮದವರು ತಪ್ಪಾಗಿ ಲೆಕ್ಕಹಾಕಿದರೆಂದು ಸಾಲ್ಟರ್ ವರ್ಷಗಟ್ಟಲೆ ವಾದಿಸಿದರು, ಆ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಪಿತೂರಿಯ ಮಾತಿಗೆ ಒಂದು ಮಿತಿ ಇದೆ. ಆ ಕಚೇರಿಯ ಹಂಗಿಲ್ಲದ ನಾರ್ವೆ, ಜಪಾನ್, ಪೋರ್ಚುಗಲ್, ಆಸ್ಟ್ರೇಲಿಯಾಗಳಲ್ಲೂ ಫಲ ಅದೇ ಆಯಿತಲ್ಲ.

ನಾರ್ವೆಯವರು ಬರ್ಗನ್ ಬಳಿಯ ಬಂಡೆಯಂಚಿಗೆ 500 ಕಿಲೋವ್ಯಾಟಿನ ಉಕ್ಕಿನ ಗೋಪುರ ನಿಲ್ಲಿಸಿ 1985ರಲ್ಲಿ ಚಾಲೂ ಮಾಡಿದರು. 1988ರ ಡಿಸೆಂಬರಿನ ಬಿರುಗಾಳಿ ಅದನ್ನು ಕಿತ್ತೊಯ್ದಿತು. 1995ರಲ್ಲಿ ಸ್ಕಾಟ್ಲೆಂಡಿನ ಡೂನ್‌ರೇ ಕಡಲಿಗೆ ಇಳಿಸಿದ 'ಆಸ್ಪ್ರೇ' ನೆಲೆನಿಲ್ಲುವ ಮೊದಲೇ ಅಲೆಗೆ ಸಿಕ್ಕಿ ಹಾಳಾಯಿತು. 2014ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸುಮಾರು 3,000 ಟನ್ನಿನ ಯಂತ್ರವನ್ನು ಎಳೆದೊಯ್ಯುವಾಗಲೇ ಅದು ದಾರಿಯಲ್ಲಿ ಕೂತುಬಿಟ್ಟಿತು. ಪಟ್ಟಿ ಬೆಳೆಸುವುದು ಬೇಡ. ಇವುಗಳಿಗಿಂತ ಹೆಚ್ಚು ಕಲಿಸುವುದು ಮುರಿಯದೆ ಸತ್ತ ಯಂತ್ರದ ಕಥೆ. 'ಪೆಲಾಮಿಸ್' ಎಂಬ ಕಡಲಹಾವಿನ ಹೆಸರಿನ, 120 ಮೀಟರ್ ಉದ್ದದ ಕೀಲು ಕೀಲಾದ ಕೊಳವೆ ಬಿರುಗಾಳಿಯ ಪ್ರಶ್ನೆಗೆ ಜಾಣ ಉತ್ತರ ಕಂಡುಕೊಂಡಿತ್ತು: ಅಲೆಗೆ ಎದೆಗೊಡದೆ ಮೂತಿಗೊಟ್ಟು ಮಲಗುವುದು, ದೊಡ್ಡ ಅಲೆ ಬಂದರೆ ತೂರಿಕೊಂಡು ಹೋಗುವುದು. 2004ರಲ್ಲಿ ಆರ್ಕ್ನಿ ದ್ವೀಪಗಳ ಪರೀಕ್ಷಾ ಕೇಂದ್ರದಿಂದ ಅದು ಗ್ರಿಡ್ಡಿಗೆ ವಿದ್ಯುತ್ ಕೊಟ್ಟಿತು. 2008ರಲ್ಲಿ ಪೋರ್ಚುಗಲ್ಲಿನ ಅಗುಸಾದೋರಾ ಕಡಲಲ್ಲಿ ಇಂಥ ಮೂರು ಹಾವುಗಳ 2.25 ಮೆಗಾವ್ಯಾಟಿನ ಕೇಂದ್ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು, ನವೆಂಬರಿನಲ್ಲಿ ದಡಕ್ಕೆ ಬಂತು. ಬೇರಿಂಗುಗಳು ಕೈಕೊಟ್ಟಿದ್ದವು, ಹಣ ಹಾಕಿದ್ದ ಸಂಸ್ಥೆ ಆ ವರ್ಷದ ಆರ್ಥಿಕ ಕುಸಿತದಲ್ಲಿ ತಾನೇ ಮುಳುಗುತ್ತಿತ್ತು. 2014ರಲ್ಲಿ ಕಂಪನಿಯೂ ಮುಚ್ಚಿತು. ಬಿರುಗಾಳಿಯಿಂದ ಪಾರಾಗಲು ಬೇಕಾದ ಕೀಲು, ಹೈಡ್ರಾಲಿಕ್, ಉಕ್ಕು ಎಲ್ಲ ಸೇರಿ ಅದರ ವಿದ್ಯುತ್ತನ್ನು ಎಷ್ಟು ದುಬಾರಿ ಮಾಡಿದ್ದವೆಂದರೆ ಸಬ್ಸಿಡಿಯ ಊರುಗೋಲು ಜಾರಿದ ಗಳಿಗೆಯಲ್ಲೇ ಬಿತ್ತು. ಅದನ್ನು ಕೊಂದದ್ದೂ ಬಿರುಗಾಳಿಯೇ. ತಾನು ಬರುವ ಮುಂಚೆಯೇ ಅದು ಬಿಲ್ಲಿನ ರೂಪದಲ್ಲಿ ಬಂದಿತ್ತು, ಅಷ್ಟೇ ವ್ಯತ್ಯಾಸ.

ಇಲ್ಲಿ ಎದ್ದು ನಿಲ್ಲುವ ಆಕ್ಷೇಪ ಗಟ್ಟಿಯಾದದ್ದು. ಗಾಳಿಯಂತ್ರವೂ ಮೊದಮೊದಲು ಹೀಗೇ ಸೋಲಲಿಲ್ಲವೇ? ಜರ್ಮನಿ 1983ರಲ್ಲಿ ಎಬ್ಬಿಸಿದ ಮೂರು ಮೆಗಾವ್ಯಾಟಿನ 'ಗ್ರೋವಿಯಾನ್' ನಿಂತದ್ದೇ ಹೆಚ್ಚು, ತಿರುಗಿದ್ದು ಕಡಿಮೆ; ನಾಲ್ಕೇ ವರ್ಷಕ್ಕೆ ಅದರ ಆಟ ಮುಗಿಯಿತು. ಅಂದು ಕೈಬಿಟ್ಟಿದ್ದರೆ ಇಂದಿನ ಗಾಳಿವಿದ್ಯುತ್ ಇರುತ್ತಿತ್ತೇ? ನಿಜ. ಆದರೆ ಗಾಳಿಯನ್ನು ಗೆಲ್ಲಿಸಿದ್ದು ಗ್ರೋವಿಯಾನ್ ಅಲ್ಲ. ಡೆನ್ಮಾರ್ಕಿನ ರೈತರ ಹೊಲಗಳಲ್ಲಿ ನಿಂತ, ಕೃಷಿ ಉಪಕರಣ ಮಾಡುತ್ತಿದ್ದವರು ತಯಾರಿಸಿದ ಹತ್ತಾರು ಕಿಲೋವ್ಯಾಟಿನ ಸಣ್ಣ ಯಂತ್ರಗಳು. ಕೆಟ್ಟರೆ ಏಣಿ ಹಾಕಿ ಹತ್ತಬಹುದಿತ್ತು. ಸಾವಿರಾರು ಸಲ ಕೆಟ್ಟು ಸಾವಿರಾರು ಸಲ ರಿಪೇರಿಯಾಗಿ ಮೂರು ರೆಕ್ಕೆಯ ಒಂದೇ ರೂಪಕ್ಕೆ ಎಲ್ಲರೂ ಬಂದು ಸೇರಿದರು. ಅಲೆಯ ಯಂತ್ರಕ್ಕೆ ಆ ಪಾಠಶಾಲೆ ಸಿಗಲಿಲ್ಲ. ಕಡಲಲ್ಲಿ ಕೆಟ್ಟದ್ದನ್ನು ಮುಟ್ಟಲು ಹಡಗು ಬೇಕು, ಶಾಂತ ದಿನ ಬೇಕು. ಒಂದು ಬೋಲ್ಟಿನ ರಿಪೇರಿಗೆ ವಾರಗಟ್ಟಲೆ ಕಾಯಬೇಕು. ಹೀಗೆ ಪ್ರತಿಯೊಬ್ಬನೂ ಒಂದು ಯಂತ್ರ ಕಟ್ಟಿ, ಒಂದು ಪಾಠ ಕಲಿತು, ದಿವಾಳಿಯಾಗಿ ಹೋದ. ಇಂದಿಗೂ ಹಾವು, ಬಾತುಕೋಳಿ, ಕದ, ಗುಂಡು, ಗವಿ ಎಂದು ಹತ್ತಾರು ರೂಪಗಳು ಉಳಿದಿವೆ. ಅದನ್ನು ಸೃಜನಶೀಲತೆ ಎಂದು ಹೊಗಳುವವರಿದ್ದಾರೆ. ಕಲಿಕೆ ಕೂಡಿಬರಲಿಲ್ಲ ಎಂಬುದರ ಗುರುತು ಅದು ಎಂದು ನನ್ನ ಅಭಿಪ್ರಾಯ.

ಹಾಗೆಂದು ವಿಜ್ಞಾನ ನಿಂತಲ್ಲೇ ನಿಂತಿಲ್ಲ. ನಾರ್ವೆಯ ಬುಡಾಲ್ ಮತ್ತು ಫಾಲ್ನೆಸ್ 1970ರ ದಶಕದಲ್ಲಿ ಒಂದು ಬೆರಗಿನ ಸಂಗತಿ ತೋರಿಸಿಕೊಟ್ಟರು. ಅಲೆಯ ಲಯಕ್ಕೆ ಸರಿಯಾಗಿ ಕುಣಿಯುವ ಸಣ್ಣ ಗುಂಡು ತನ್ನ ಮೈಯಗಲಕ್ಕಿಂತ ಬಹಳ ಅಗಲದ ಅಲೆಯಿಂದ ಶಕ್ತಿ ಹೀರಬಲ್ಲದು. ತಾತ್ವಿಕ ಮಿತಿ ಅಲೆಯುದ್ದದ ಆರನೇ ಒಂದು ಭಾಗದ ಆಸುಪಾಸು. ಎಂಟು ಸೆಕೆಂಡಿನ ಅಲೆಯ ಉದ್ದ ನೂರು ಮೀಟರ್, ಅಂದರೆ ಹದಿನಾರು ಮೀಟರ್ ಅಗಲದ ಫಸಲು. ಯಂತ್ರವನ್ನು ಲಯಕ್ಕೆ ತಂದರೆ ಗಳಿಕೆ, ಲಯ ತಪ್ಪಿಸಿದರೆ ರಕ್ಷಣೆ. ಗಾಳಿಯಂತ್ರ ರೆಕ್ಕೆ ತಿರುವುವುದಕ್ಕೆ ಸಮನಾದ ಉಪಾಯ ಇದೊಂದೇ. ಸ್ವೀಡನ್ನಿನ ಕಾರ್‌ಪವರ್ ಕಂಪನಿಯ ಒಂಬತ್ತು ಮೀಟರ್ ಅಗಲದ ಗುಂಡು ಈ ದಾರಿ ಹಿಡಿದು 2023ರಲ್ಲಿ ಅದೇ ಅಗುಸಾದೋರಾ ಕಡಲಿಗೆ ಇಳಿಯಿತು. ಆ ವರ್ಷದ ಬಿರುಗಾಳಿಗಳಲ್ಲಿ 18 ಮೀಟರಿಗೂ ಮೀರಿದ ಅಲೆಗಳನ್ನು ಕಂಡು ಬದುಕಿತು. ಈ ಐವತ್ತು ವರ್ಷಗಳ ಅತಿ ಒಳ್ಳೆಯ ಸುದ್ದಿ ಇದೇ ಇರಬಹುದು. ಆದರೂ ಒಂದು ಗುಂಡು ಬದುಕಿದ್ದಕ್ಕೂ ನೂರು ಗುಂಡುಗಳು ಇಪ್ಪತ್ತು ವರ್ಷ ದುಡಿದು ಸಾಲ ತೀರಿಸುವುದಕ್ಕೂ ನಡುವೆ ದೂರವಿದೆ. ಆ ನಡುವೆ ಸೋಲಾರ್ ಮತ್ತು ಬ್ಯಾಟರಿ ನಿಂತು ಕಾಯುತ್ತಿರುವುದಿಲ್ಲ.

ಹಾಗಾದರೆ ಮಸುದಾನ ವಿವೇಕಕ್ಕೆ ಮರಳುವುದು ಒಂದು ದಾರಿ: ಬಿರುಗಾಳಿಯ ಖರ್ಚನ್ನು ಬೇರೆ ಯಾರೋ ಈಗಾಗಲೇ ಹೊತ್ತಿರುವ ಕಡೆ ಯಂತ್ರವನ್ನು ಕೂರಿಸುವುದು. ಸ್ಪೇನಿನ ಬಾಸ್ಕ್ ಕರಾವಳಿಯ ಮುತ್ರಿಕು ಎಂಬ ಮೀನುಗಾರರ ಊರಿಗೆ ಬಂದರನ್ನು ಕಾಯುವ ಬ್ರೇಕ್‌ವಾಟರ್ ಬೇಕಿತ್ತು. ಕಟ್ಟುವಾಗಲೇ ಗೋಡೆಯೊಳಗೆ ಹದಿನಾರು ಟೊಳ್ಳು ಕೋಣೆಗಳನ್ನು ಬಿಟ್ಟು ತಲೆಯ ಮೇಲೆ 18.5 ಕಿಲೋವ್ಯಾಟಿನ ಟರ್ಬೈನುಗಳನ್ನು ಇಟ್ಟರು. ಗಾಳಿ ಒಳಗೆ ಹೋಗಲಿ ಹೊರಗೆ ಬರಲಿ ಒಂದೇ ದಿಕ್ಕಿಗೆ ತಿರುಗುವ ಈ ಟರ್ಬೈನು ಬೆಲ್‌ಫಾಸ್ಟಿನ ಅಲನ್ ವೆಲ್ಸ್ ಅವರ ಕೊಡುಗೆ. 2011ರಲ್ಲಿ ಆರಂಭವಾದ ಈ ಕೇಂದ್ರ ದಶಕ ದಾಟಿ ನಡೆಯಿತು. ಹತ್ತಾರು ಪಟ್ಟು ದೊಡ್ಡ ಯೋಜನೆಗಳು ಮಣ್ಣುಪಾಲಾದ ಕ್ಷೇತ್ರದಲ್ಲಿ ಇದೇ ದೊಡ್ಡ ದಾಖಲೆ. ಆದರೆ ಅಂಕಿಯನ್ನೂ ಹೇಳಿಬಿಡಬೇಕು. ಅದು ವರ್ಷಕ್ಕೆ ಕೊಟ್ಟದ್ದು ಸರಾಸರಿ ಎರಡೂವರೆ ಲಕ್ಷ ಯೂನಿಟ್ ಆಸುಪಾಸು. ಕರ್ನಾಟಕದ ಬಿಸಿಲಿಗೆ ಅಷ್ಟೇ ವಿದ್ಯುತ್ತನ್ನು ಒಂದು ಕಾಲೇಜು ಕಟ್ಟಡದ ತಾರಸಿಯ ಮೇಲಿನ 170-180 ಕಿಲೋವ್ಯಾಟ್ ಫಲಕಗಳು ಸದ್ದಿಲ್ಲದೆ ಕೊಡುತ್ತವೆ.

ನಮ್ಮ ದೇಶ ಈ ದಾರಿಯನ್ನು ಮುತ್ರಿಕುವಿಗಿಂತ ಇಪ್ಪತ್ತು ವರ್ಷ ಮೊದಲೇ ಹಿಡಿದಿತ್ತು ಎಂಬುದು ಹೆಚ್ಚಿನವರಿಗೆ ಮರೆತಿದೆ. ತಿರುವನಂತಪುರದ ಪಕ್ಕದ ವಿಳಿಂಜಂ ಮೀನುಗಾರಿಕಾ ಬಂದರಿನ ಬ್ರೇಕ್‌ವಾಟರಿನ ಹೊರಮಗ್ಗುಲಿಗೆ ಐಐಟಿ ಮದ್ರಾಸಿನವರು 1991ರಲ್ಲಿ 150 ಕಿಲೋವ್ಯಾಟಿನ ಕಾಂಕ್ರೀಟ್ ಗವಿಯನ್ನು ನಿಲ್ಲಿಸಿ ಗ್ರಿಡ್ಡಿಗೆ ಜೋಡಿಸಿದರು. ಜಗತ್ತಿನ ಮೊದಲ ಕೆಲವೇ ಅಂಥ ಕೇಂದ್ರಗಳಲ್ಲಿ ಅದೂ ಒಂದು. ಆದರೆ ಅಲ್ಲಿ ಮೊದಲು ಕೂರಿಸಿದ್ದ ವೆಲ್ಸ್ ಟರ್ಬೈನು ಕಡಲು ಮಂದವಾದಾಗ ತಾನಾಗಿ ಓಡುವುದಿಲ್ಲ, ಅದನ್ನು ತಿರುಗಿಸಲು ಗ್ರಿಡ್ಡಿನಿಂದಲೇ ವಿದ್ಯುತ್ ತೆಗೆದುಕೊಳ್ಳಬೇಕು. ಆಮೇಲೆ ಬೇರೆ ಬಗೆಯ ಟರ್ಬೈನು ಕೂರಿಸಿ ನೋಡಿದರು. ಕೊನೆಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಆ ವಿದ್ಯುತ್ತಿನಿಂದ ಉಪ್ಪುನೀರನ್ನು ದಿನಕ್ಕೆ ಹತ್ತು ಸಾವಿರ ಲೀಟರಿನಷ್ಟು ಸಿಹಿನೀರಾಗಿಸಿ ತೋರಿಸಿತು. ಪ್ರಯೋಗ ಮುಗಿಯಿತು, ಕೇಂದ್ರ ಮುಚ್ಚಿತು. ಬ್ರೇಕ್‌ವಾಟರಿನ ವಾದ ಇಲ್ಲೇ ಬಿತ್ತಲ್ಲ ಎನ್ನುವವರಿಗೆ ಹೇಳಬೇಕಾದದ್ದು ಇಷ್ಟು: ವಿಳಿಂಜಂ ಗವಿ ಬ್ರೇಕ್‌ವಾಟರಿನ ಪಕ್ಕದಲ್ಲಿತ್ತೇ ಹೊರತು ಅದರ ಒಳಗಿರಲಿಲ್ಲ. ತನ್ನ ಬಿರುಗಾಳಿಯ ಖರ್ಚನ್ನು ತಾನೇ ಹೊತ್ತ ಒಂಟಿ ಗವಿ ಅದು. ಅದೇ ವಿಳಿಂಜಂನಲ್ಲಿ ಈಗ ದೊಡ್ಡ ಹಡಗುಗಳ ಬಂದರು ಎದ್ದಿದೆ, ಸುಮಾರು ಮೂರು ಕಿಲೋಮೀಟರ್ ಉದ್ದದ ಬ್ರೇಕ್‌ವಾಟರ್ ಸಹಿತ. ಅದು ಕಲ್ಲು, ಕಾಂಕ್ರೀಟ್ ತುಂಡುಗಳ ರಾಶಿ. ನಮ್ಮ ಬಹುತೇಕ ಕಡಲತಡೆಗಳು ಹೀಗೆ ಕಲ್ಲು ಸುರಿದು ಕಟ್ಟಿದವೇ. ಕೋಣೆ ಬಿಡಬೇಕಾದರೆ ನೆಟ್ಟಗಿನ ಕಾಂಕ್ರೀಟ್ ಪೆಟ್ಟಿಗೆಗಳ ಗೋಡೆ ಬೇಕು, ಆ ನಿರ್ಧಾರ ನಕ್ಷೆಯ ಹಂತದಲ್ಲೇ ಆಗಬೇಕು. ಉಳ್ಳಾಲದಲ್ಲೋ ಮರವಂತೆಯಲ್ಲೋ ಕೊರೆತಕ್ಕೆಂದು ಸುರಿದ ಕಲ್ಲಿಗೆ ಆಮೇಲೆ ಟರ್ಬೈನು ಅಂಟಿಸಲು ಬರುವುದಿಲ್ಲ.

ಕರ್ನಾಟಕದ ಮಾತು ಬಂತು. ಇಲ್ಲಿ ಹಿತವಲ್ಲದ ಒಂದು ಸತ್ಯವನ್ನು ಹೇಳಬೇಕಾಗುತ್ತದೆ. ಭಾರತದ ಅಲೆಗಳಲ್ಲಿ ಸುಮಾರು 40,000 ಮೆಗಾವ್ಯಾಟಿನ ಸಾಧ್ಯತೆ ಇದೆ ಎಂಬ ಸರ್ಕಾರಿ ಅಂದಾಜು ಪದೇ ಪದೇ ಉದ್ಧೃತವಾಗುತ್ತದೆ. ಆದರೆ ನಮ್ಮ ಪಡುಗಡಲು ವರ್ಷವಿಡೀ ದುಡಿಯುವ ಕಡಲಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಬ್ಬರಿಸಿ, ಜನವರಿ-ಫೆಬ್ರವರಿಯಲ್ಲಿ ಒಂದು ಮೀಟರಿಗೂ ಕಡಿಮೆ ಅಲೆಯಲ್ಲಿ ತೂಕಡಿಸುತ್ತದೆ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಆಗ ಅಲೆ ಜಾಸ್ತಿ, ಒಂದಕ್ಕೊಂದು ಪೂರಕ ಎಂದು ಉತ್ಸಾಹಿಗಳು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಅದೇ ಮಳೆಗಾಲದಲ್ಲಿ ಲಿಂಗನಮಕ್ಕಿ ತುಂಬುತ್ತದೆ, ಚಿತ್ರದುರ್ಗ-ಗದಗಗಳ ಗಾಳಿಯಂತ್ರಗಳು ಭರದಿಂದ ತಿರುಗುತ್ತವೆ, ಪಂಪ್‌ಸೆಟ್ಟುಗಳು ನಿಲ್ಲುತ್ತವೆ, ರಾಜ್ಯದ ಬೇಡಿಕೆ ಇಳಿಯುತ್ತದೆ. ವಿದ್ಯುತ್ತಿಗೆ ಬಾಯಿಬಾಯಿ ಬಿಡುವ ಮಾರ್ಚ್ ತಿಂಗಳಲ್ಲಿ ಕಡಲು ಸುಮ್ಮನಿರುತ್ತದೆ. ಬ್ರಿಟನ್ನಿನಲ್ಲಿ ಇದು ತದ್ವಿರುದ್ಧ: ಅಲ್ಲಿ ಅಲೆ ಏರುವುದೂ ಮನೆಗಳನ್ನು ಬೆಚ್ಚಗಿಡಬೇಕಾದದ್ದೂ ಒಂದೇ ಚಳಿಗಾಲದಲ್ಲಿ. ಮಲ್ಪೆಯ ಐಸ್ ಪ್ಲಾಂಟುಗಳಿಗಾದರೂ ಆದೀತೇ ಎಂದರೆ, ಜೂನ್-ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ದಕ್ಕೆಯಲ್ಲಿ, ಐಸಿಗೆ ಗಿರಾಕಿ ಇಲ್ಲ. ಇನ್ನೊಂದು ತೊಡಕು ಇದಕ್ಕಿಂತ ಮೊಂಡು: ಯಂತ್ರ ಗಳಿಸುವ ಆ ನಾಲ್ಕು ತಿಂಗಳಲ್ಲೇ ಕೆಟ್ಟರೆ ರಿಪೇರಿಗೆ ಕಡಲಿಗಿಳಿಯುವ ದೋಣಿ ಇಲ್ಲ. ಬಿತ್ತನೆಯ ಹೊತ್ತಿಗೆ ಎತ್ತಿಗೆ ಜ್ವರ ಬಂದಂತೆ, ವರ್ಷವೇ ಹೋಯಿತು. ಐಐಟಿ ಮದ್ರಾಸಿನವರು 2022ರಲ್ಲಿ ತೂತ್ತುಕುಡಿ ಕಡಲಲ್ಲಿ ಪರೀಕ್ಷಿಸಿದ 'ಸಿಂಧುಜಾ' ನೂರು ವ್ಯಾಟಿನದು. ಅಷ್ಟು ಸಣ್ಣದೇ ಎಂದು ನಗುವವರಿದ್ದಾರೆ. ಡೆನ್ಮಾರ್ಕಿನ ಹೊಲಗಳನ್ನು ನೆನೆದರೆ ಆ ಅಳತೆಯಿಂದ ಶುರುಮಾಡುವುದೇ ಸರಿ ಎನಿಸುತ್ತದೆ. ಕೆಲವೇ ವರ್ಷಗಳಲ್ಲಿ ಮೆಗಾವ್ಯಾಟ್ ಎಂಬ ಘೋಷಣೆ ಮಾತ್ರ ಹಳೆಯ ಬ್ರಿಟಿಷ್ ನೆಗೆತವನ್ನೇ ನೆನಪಿಸುತ್ತದೆ.

ನಮ್ಮ ಸುತ್ತಮುತ್ತ ಅಲೆಯ ಲೆಕ್ಕ ಕೂಡಿಬರಬಹುದಾದ ಜಾಗವೊಂದಿದ್ದರೆ ಅದು ಮಂಗಳೂರಿನಾಚೆಯ ಲಕ್ಷದ್ವೀಪ. ಅಲ್ಲಿ ಲಿಂಗನಮಕ್ಕಿ ಇಲ್ಲ, ದೇಶದ ಗ್ರಿಡ್ಡಿನ ನಂಟಿಲ್ಲ, ಸೋಲಾರ್ ಫಲಕ ಹರಡಲು ನೆಲ ಸಾಲದು. ಬಹುಪಾಲು ವಿದ್ಯುತ್ತು ಹಡಗಿನಲ್ಲಿ ಬರುವ ಡೀಸೆಲ್ಲಿನದು. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ದಿನಸಿ, ಜಲ್ಲಿ, ಸಿಮೆಂಟು ಹೊತ್ತು ದ್ವೀಪಗಳಿಗೆ ಹೋಗುವ ಮಂಜಿಗಳು ಮಳೆಗಾಲದಲ್ಲಿ ಲಂಗರು ಹಾಕುತ್ತವೆ. ಮೋಡ ಕವಿದು, ಸಾಗಣೆ ತೊಡಕಾಗಿ, ಡೀಸೆಲ್ಲಿನ ಪ್ರತಿ ಪೀಪಾಯಿಗೂ ಬೆಲೆ ಏರುವ ಆ ತಿಂಗಳುಗಳಲ್ಲೇ ಹವಳದ ದಂಡೆಯ ಹೊರಗೆ ಅಲೆ ತನ್ನ ಪೂರ್ಣ ಬಲದಲ್ಲಿರುತ್ತದೆ. ಮಸುದಾನ ಎರಡು ಕಾರಣಗಳಲ್ಲಿ ಒಂದು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ: ಪರ್ಯಾಯ ನಿಜಕ್ಕೂ ದುಬಾರಿ. ಇನ್ನೊಂದು ನಿಲ್ಲಬೇಕಾದರೆ ದ್ವೀಪಗಳ ಜೆಟ್ಟಿ, ತಡೆಗೋಡೆಗಳ ನಕ್ಷೆ ಬರೆಯುವಾಗಲೇ ಒಂದೆರಡು ಕೋಣೆ ಬಿಡಬೇಕು, ಅದೂ ಹವಳಕ್ಕೆ ಪೆಟ್ಟಾಗದಂತೆ. ಅಲ್ಲೂ ಪೈಪೋಟಿ ತಪ್ಪಿದ್ದಲ್ಲ. ವಿಳಿಂಜಂನಲ್ಲಿ ಅಲೆಯಿಂದ ಸಿಹಿನೀರು ತೆಗೆದ ಸಂಸ್ಥೆಯೇ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಲಕ್ಷ ಲೀಟರ್ ಸಿಹಿನೀರಿನ ಸ್ಥಾವರ ಕಟ್ಟಿದಾಗ ನೆಚ್ಚಿಕೊಂಡದ್ದು ಕಡಲಿನ ಮೇಲಣ ನೀರಿನ ಬಿಸಿಯನ್ನೂ ಆಳದ ನೀರಿನ ತಂಪನ್ನೂ, ಅಲೆಯನ್ನಲ್ಲ. ಆ ಸ್ಥಾವರದ ಪಂಪು ತಿರುಗುವುದಕ್ಕೂ ಡೀಸೆಲ್ಲಿನ ವಿದ್ಯುತ್ತೇ ಬೇಕಾಯಿತು.